ಎದ್ದವನು ಮೊದಲು ಯಾರ ಹತ್ತಿರ ಹೋದ

ನಮ್ಮನೆಯವರು ತೀರಿಕೊಂಡ ಮೇಲೆ ಅವರ ತಾಯಿಯ ಕನಸಿಗೆ ಬರತೊಡಗಿದರು. ನನ್ನ ಕನಸಿಗೆ ಒಂದು ಸಲವೂ ಬರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆ ಅಂತ ನನಗೂ ಗೊತ್ತು. ಐವತ್ತು ದಾಟಿದ ಹೆಂಗಸು, ಕಾಲೇಜಿನ ಆಫೀಸಿನಲ್ಲಿ ಕೂತು ಮಕ್ಕಳಿಗೆ ಟಿ.ಸಿ. ಬರೆದುಕೊಡುವವಳು, ಸತ್ತ ಗಂಡ ಯಾರ ಕನಸಿಗೆ ಹೋದರು ಅಂತ ಹೊಟ್ಟೆ ಉರಿಸಿಕೊಳ್ಳುವುದೇ? ಹೌದು, ಉರಿಸಿಕೊಂಡೆ. ಓರಗಿತ್ತಿಯ ಒಡವೆ ನೋಡಿಯೂ ಅಷ್ಟು ಉರಿದವಳಲ್ಲ ನಾನು.

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಈಗ ಅತ್ತೆ ಮತ್ತು ನಾನು, ಮುಂದಿನ ಕೋಣೆಗಳಲ್ಲಿ ಬಾಡಿಗೆಗೆ ಒಬ್ಬ ನರ್ಸಮ್ಮ. ಮಗಳು ಮದುವೆಯಾಗಿ ಗೌರಿಬಿದನೂರು ಸೇರಿದ್ದಾಳೆ. ನಮ್ಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಮೇಯಿಸುತ್ತಿದ್ದರು. ಒಂದು ಬೆಳಿಗ್ಗೆ ಗೂಡು ತುಂಬಿಕೊಂಡು ಮಾರುಕಟ್ಟೆಗೆ ಹೊರಟವರು ಬಾಗಿಲಲ್ಲಿ ನಿಂತು "ಬರ್ತೀನಿ ಕಣೇ" ಅಂದರು. ಮಾರುಕಟ್ಟೆಯಲ್ಲಿ ಗೂಡು ಸುರಿದು, ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಬರ್ತೀನಿ ಅಂದ ಮನುಷ್ಯ ಬರಬೇಕೋ ಬೇಡವೋ? ಕನಸಿಗಾದರೂ ಬರಲಿ ಅಂತ ನಾನು ಕಾದಿದ್ದು ಅಷ್ಟಕ್ಕೇ.

ನಮ್ಮ ಜನದಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ತೋಟದ ಅಂಚಿನಲ್ಲಿ ಮಣ್ಣು ಮಾಡಿ ಬಂದು, ಮೂರನೇ ದಿನ ಹಾಲುತುಪ್ಪಕ್ಕೆ ಹೋಗುವುದು ಪದ್ಧತಿ. ಮಣ್ಣಿನ ಮೇಲೆ ಹಾಲು, ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆ ಇಟ್ಟು, ಕಾಗೆ ಮುಟ್ಟುವ ತನಕ ದೂರ ನಿಂತು ಕಾಯಬೇಕು. ಬೆಳಗಿನ ಜಾವ ಎದ್ದು ಕೋಳಿ ಸಾರು, ಮುದ್ದೆ, ಹುರುಳಿ ಬಸ್ಸಾರು ಮಾಡಿದವಳು ನಾನು. ಅಲ್ಲಿಗೆ ಹೋದರೆ ಊರ ಹಿರಿಯರೊಬ್ಬರು "ಹೆತ್ತೋಳು ಮೊದ್ಲು ಬಿಡ್ಲಿ" ಅಂದರು. ಅತ್ತೆ ತುಪ್ಪದ ಬಟ್ಟಲನ್ನು ಪೂರಾ ಬೋರಲು ಹಾಕಿಬಿಟ್ಟರು. ನನ್ನ ಪಾಲಿಗೆ ಬಟ್ಟಲಿನ ಅಂಚಿಗೆ ಮೆತ್ತಿದ್ದಷ್ಟೇ ಉಳಿಯಿತು. ಬೆರಳಲ್ಲಿ ಬಳಿದು ಹಾಕಿದೆ. ಆಮೇಲೆ ಕಾಗೆ. ನಾನು ಮನಸ್ಸಿನಲ್ಲೇ ಎಷ್ಟು ಕರೆದರೂ ಎದುರಿನ ಬೇವಿನ ಮರದಿಂದ ಅದು ಅಲ್ಲಾಡಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು "ಬಾರೋ ನನ್ನಪ್ಪ, ಹಸ್ಕೊಂಡಿರ್ತೀಯ" ಅಂದದ್ದೇ ತಡ, ಹಾರಿ ಬಂದು ಕೋಳಿ ತುಂಡಿಗೇ ಬಾಯಿ ಹಾಕಿತು. ನೆಂಟರೆಲ್ಲ "ತಾಯಿ ಕರುಳು" ಅಂದರು. ಅಡುಗೆ ಮಾಡಿದವಳ ಹೆಸರು ಯಾರೂ ಎತ್ತಲಿಲ್ಲ.

ಮುಂದಿನ ಕೋಣೆಯ ನರ್ಸಮ್ಮನನ್ನು ನಾವು ಸಿಸ್ಟರ್ ಅಂತಲೇ ಕರೆಯುವುದು. ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದಕ್ಕೆ ಡ್ಯೂಟಿಗೆ ಹೋಗುತ್ತಾಳೆ, ಕ್ರಿಶ್ಚಿಯನ್ನರ ಹುಡುಗಿ. ಅತ್ತೆಯ ಬಿ.ಪಿ. ನೋಡುವುದು, ಮಾತ್ರೆ ಬಿಡಿಸಿಕೊಡುವುದು ಎಲ್ಲ ಅವಳೇ. ಅವಳ ತಂದೆಯೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ ಹೋಗಿದ್ದರು. ಅವಳ ಕಣ್ಣಲ್ಲಿ ನೀರಿಲ್ಲವೇ ಅಂದರೆ ಇತ್ತು. ಆದರೆ ಒರೆಸಿಕೊಂಡು "ಮತ್ತೆ ಸಿಗ್ತಾರಲ್ಲ ಆಂಟಿ" ಅನ್ನುತ್ತಿದ್ದಳು, ಅಪ್ಪ ಚಿಂತಾಮಣಿ ಸಂತೆಗೆ ಹೋಗಿದ್ದಾರೆ, ಸಂಜೆ ಬಸ್ಸಿಗೆ ಬರುತ್ತಾರೆ ಅನ್ನುವ ಹಾಗೆ. ಅವಳನ್ನು ಕಂಡರೂ ನನಗೆ ಆಗುತ್ತಿರಲಿಲ್ಲ. ಕಾಸು ಕರಿಮಣಿ ಇದ್ದವರನ್ನು ಕಂಡರೆ ಆಗುವ ಸಂಕಟ ಬೇರೆ. ಇವಳ ಹತ್ತಿರ ಇದ್ದ ಆ ನಂಬಿಕೆಯನ್ನು ಕೈಸಾಲ ಕೇಳುವ ಹಾಗೂ ಇರಲಿಲ್ಲ.

ಆ ವರ್ಷದ ಈಸ್ಟರ್ ಹಬ್ಬದಲ್ಲಿ ಅವಳು ಅತ್ತೆಯನ್ನು ಕರೆದಳು: "ಅಜ್ಜಿ, ಟೀವೀಲಿ ಸ್ವಾಮಿ ಪಿಕ್ಚರ್ ಹಾಕ್ತಾರೆ, ಬನ್ನಿ." ಅತ್ತೆಗೆ ಯಾವ ಸ್ವಾಮಿಯಾದರೂ ಸರಿಯೇ. ತವರು ಗಡಿಯ ಕಡೆ, ಅರ್ಧ ತೆಲುಗು ಮನೆ. ಚಿಕ್ಕಂದಿನಿಂದ ಪೌರಾಣಿಕ ಸಿನಿಮಾ ಕಂಡರೆ ಚಪ್ಪಲಿ ಬಿಟ್ಟು ಕೂರುವವರು. ಕಂಡವರ ಮಾತಿಗೆ ಬಿದ್ದುಬಿಟ್ಟಾರು ಅಂತ ನಾನೂ ಹಿಂದೆಯೇ ಹೋದೆ.

ಹಳೆಯ ಸಿನಿಮಾ, ಕನ್ನಡಕ್ಕೆ ಡಬ್ ಮಾಡಿದ್ದು. ಸ್ವಾಮಿಗೆ ನೀಲಿ ಕಣ್ಣು, ಮಾತು ಮಾತ್ರ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ. ಮೊಳೆ ಹೊಡೆಯುವಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗುಹೆಯಂಥ ಸಮಾಧಿಯಲ್ಲಿ ಮಲಗಿಸಿ ಕಲ್ಲು ಉರುಳಿಸಿದರು. ಮೂರನೇ ದಿನ ಬೆಳಕು ಹರಿಯುವ ಮೊದಲು ಹೆಂಗಸರು ಕೈಯಲ್ಲಿ ಕುಡಿಕೆ ಹಿಡಿದುಕೊಂಡು ಹೊರಟರು. ಅತ್ತೆ ನನ್ನ ಮೊಣಕೈ ತಿವಿದರು.

"ನೋಡಮ್ಮ, ಹಾಲುತುಪ್ಪಕ್ಕೆ ಹೋಗ್ತಾವ್ರೆ. ಅವರಲ್ಲೂ ಮೂರನೇ ದಿನವೇ."

ಸಿಸ್ಟರ್ ಬಾಯಿ ತೆಗೆದಳು. "ಅಲ್ಲ ಅಜ್ಜಿ, ಅದು ಸುಗಂಧ ದ್ರವ್ಯ, ಮೈಗೆ ಹಚ್ಚೋಕೆ."

"ಏನೋ ಒಂದು. ಎಡೆ ಎಲ್ಲಿ? ಬರೀ ಕುಡಿಕೆ ತಂದವ್ರಲ್ಲ."

ಸಮಾಧಿಯ ಕಲ್ಲು ಸರಿದಿತ್ತು. ಒಳಗೆ ಯಾರೂ ಇರಲಿಲ್ಲ. ಅತ್ತೆ ತಲೆಯಾಡಿಸಿದರು. "ಎಡೆ ಇಲ್ದಿದ್ರೆ ಯಾರು ಕೂತಿರ್ತಾರೆ? ಎದ್ದು ಹೋಗವ್ನೆ." ಸಿಸ್ಟರಿಗೆ ನಗು ತಡೆಯಲಾಗಲಿಲ್ಲ, ನನಗೂ; ನಮ್ಮನ್ನು ನೋಡಿ ಅತ್ತೆಯೂ ನಕ್ಕರು. ನಾವು ಮೂವರೂ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ಆಮೇಲೆ ಸಮಾಧಿಯ ಪಕ್ಕದ ತೋಟದಲ್ಲಿ ಒಬ್ಬಳೇ ಅಳುತ್ತಾ ನಿಂತ ಹೆಂಗಸಿಗೆ ಅವನು ಕಾಣಿಸಿಕೊಂಡ. ಅವಳು ತೋಟದ ಮಾಲಿ ಅಂದುಕೊಂಡಳು. ಹೆಸರು ಹಿಡಿದು ಕರೆದ, ಗುರುತು ಸಿಕ್ಕಿತು. ನಾನು ಸೀರೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ನಮ್ಮನೆಯವರು ಇಡೀ ಸಂಸಾರದಲ್ಲಿ ನನ್ನ ಹೆಸರು ಹಿಡಿದು ಕರೆದವರಲ್ಲ. "ಏಯ್", "ಇಲ್ಲಿ ನೋಡೇ" ಅಷ್ಟೇ. ಹಾಗೆಂದರೂ ಸಾಕಾಗಿತ್ತು, ನನಗೆ ಗುರುತು ಸಿಕ್ಕುತ್ತಿತ್ತು.

"ಅವಳ್ಯಾರು? ಹೆಂಡ್ತೀನಾ?" ಅಂತ ಅತ್ತೆ ಕೇಳಿದರು.

"ಇಲ್ಲ ಅಜ್ಜಿ, ಶಿಷ್ಯೆ."

"ತಾಯಿ ಎಲ್ಲಿ? ಶಿಲುಬೆ ಹತ್ರ ಅಳ್ತಿದ್ಲಲ್ಲ."

"ಮನೇಲಿರ್ತಾರೆ. ಮೊದಲು ಕಾಣಿಸ್ಕೊಂಡಿದ್ದು ಈ ಶಿಷ್ಯೆಗೇ ಅಂತ ಬೈಬಲಲ್ಲಿ ಬರೆದಿದೆ."

ಅತ್ತೆಯ ಮುಖ ಕೆಂಪಾಯಿತು. "ಹೆತ್ತು ಹೊತ್ತು ಸಾಕಿದೋಳನ್ನ ಬಿಟ್ಟು ಅವಳ್ಯಾರ ಹತ್ರನೋ ಮೊದ್ಲು ಹೋದ್ನಾ? ಇಂಥಾ ಮಗ ಎದ್ರೆಷ್ಟು ಬಿಟ್ರೆಷ್ಟು." ಮಂಡಿ ಹಿಡಿದುಕೊಂಡು ಎದ್ದು ಹೊರಟೇಹೋದರು. ಸಿಸ್ಟರ್ ಪಾಪ ಗಾಬರಿಯಾದಳು. ನನಗೆ ಮಾತ್ರ ಒಳಗೊಳಗೇ ಹಾಲು ಕುಡಿದಷ್ಟು ಖುಷಿ. ತಾಯಿಗಿಂತ ಮೊದಲು ಬೇರೊಬ್ಬಳಿಗೆ ಕಾಣಿಸಿಕೊಂಡ ಆ ಸ್ವಾಮಿಗೆ ಮನಸ್ಸಿನಲ್ಲೇ ಒಂದು ಕೈ ಮುಗಿದೆ.

ಆ ಖುಷಿ ಬೆಳಗಾಗುವ ತನಕವಷ್ಟೇ ಬಾಳಿತು. ಕಾಫಿ ಲೋಟ ಕೈಗೆ ಕೊಟ್ಟಾಗ ಅತ್ತೆ ನನ್ನ ಮುಖ ನೋಡದೆ ಹೇಳಿದರು: "ರಾತ್ರಿ ಬಂದಿದ್ದ ಕಣಮ್ಮ, ನನ್ನ ಕೊಡುಕು, ನನ್ನ ಮಗ. ಬಸ್ಸಾರು ಕೇಳ್ದ."

ಸಿನಿಮಾ ನೋಡಿ ಬಂದ ಮಾರನೇ ಬೆಳಿಗ್ಗೆಯೇ. ಪಂಥಕ್ಕೆ ಬಿದ್ದವರ ಹಾಗೆ. ಸುಳ್ಳು ಅನ್ನೋಣ ಅಂದರೆ ಅವರ ಕಣ್ಣು ಊದಿಕೊಂಡಿತ್ತು. ನಿಜ ಅನ್ನೋಣ ಅಂದರೆ ನನ್ನ ಹೊಟ್ಟೆ ಒಪ್ಪಲಿಲ್ಲ. ಅವತ್ತು ಬಸ್ಸಾರು ಮಾಡಲೇ ಇಲ್ಲ ನಾನು, ಉಪ್ಪಿಟ್ಟು ಕೆದಕಿಟ್ಟು ಕಾಲೇಜಿಗೆ ಬಸ್ಸು ಹತ್ತಿದೆ.

ಅಲ್ಲಿಂದ ಶುರುವಾಯಿತು. ಅಮಾವಾಸ್ಯೆ ಹತ್ತಿರ ಬಂದರೆ ಬರುತ್ತಿದ್ದರು, ಹಬ್ಬದ ಹಿಂದಿನ ದಿನ ಬರುತ್ತಿದ್ದರು, ಏನೂ ಇಲ್ಲದ ಮಂಗಳವಾರವೂ ಬರುತ್ತಿದ್ದರು. ಅತ್ತೆಯ ಮಾತು ಕೇಳಲು ಮಂಚೇನಹಳ್ಳಿಯಿಂದ ನೆಂಟರು ಬಂದು ಕೂರತೊಡಗಿದರು. ಅತ್ತೆಯ ದನಿಯಲ್ಲಿ ಒಂದು ಗತ್ತು ಬಂತು. ಕೇಳಿದವರು ಏಳುವ ಮೊದಲು ನನ್ನ ಕಡೆ ತಿರುಗಿ, "ನಿಮ್ಗೇನೂ ಕಾಣಿಸ್ಕೊಳ್ಳಿಲ್ವಾ?" ಅಂತ ಒಂದು ಮಾತು ಹಾಕಿಯೇ ಏಳುವರು. ಆ ಮಾತಿಗೆ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಗುತ್ತಿತ್ತು. "ನಾನು ಸುಸ್ತಾಗಿ ಮಲಗ್ತೀನಿ, ಕನಸೇ ಬೀಳಲ್ಲ" ಅನ್ನುತ್ತಿದ್ದೆ. ಅದು ಸುಳ್ಳು. ಕನಸು ಬೀಳುತ್ತಿತ್ತು: ಪ್ರಿನ್ಸಿಪಾಲರು ಹಾಜರಿ ಪುಸ್ತಕ ಕೇಳುವುದು, ಚಿಂತಾಮಣಿ ಬಸ್ಸು ತಪ್ಪುವುದು, ಯಾರದೋ ಎಮ್ಮೆ ನಮ್ಮ ಅಡುಗೆಮನೆಗೆ ನುಗ್ಗುವುದು. ಎಮ್ಮೆಗೆ ದಾರಿ ಗೊತ್ತಿತ್ತು, ಗಂಡನಿಗೆ ಗೊತ್ತಿರಲಿಲ್ಲ.

ಅವರ ಟವೆಲ್ಲನ್ನು ದಿಂಬಿಗೆ ಸುತ್ತಿಕೊಂಡು ಮಲಗಿದೆ. ಅವರು ಮಲಗುತ್ತಿದ್ದ ಮಗ್ಗುಲಿಗೆ ಬದಲಾಯಿಸಿದೆ. ಕಾಲೇಜಿನಿಂದ ಅರ್ಧ ದಿನ ರಜೆ ಹಾಕಿ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ದುವಾ ಓದಿಸಿಕೊಂಡು ಬಂದೆ. ಅಲ್ಲಿ ನಮ್ಮೂರಿನ ಹೆಂಗಸರೂ ಸಿಕ್ಕಿದರು, ಮಗಳಿಗೆ ಗಂಡು ಕೂಡಿಬರಲಿ, ಸೊಸೆಗೆ ಮಗುವಾಗಲಿ ಅಂತ ಬಂದವರು. "ನೀವೇನ್ ಬೇಡ್ಕೊಂಡ್ರಿ?" ಅಂತ ಕೇಳಿದರು. "ಮಂಡಿ ನೋವು" ಅಂದೆ. ಒಂದೇ ಒಂದು ಸಲ ಕಳಿಸಿಕೊಡು, ಬಂದು ಬಾಗಿಲಲ್ಲಿ ನಿಂತರೂ ಸಾಕು ಅಂತ ಬೇಡಿಕೊಂಡಿದ್ದೆ. ಸಕ್ಕರೆ ಖಾಲಿಯಾಯಿತು. ಅತ್ತೆಯೇ ಕಾಫಿಗೆ ಹಾಕಿಕೊಂಡು ಖಾಲಿ ಮಾಡಿದರು, ಆ ವಾರವೂ ಅವರಿಗೇ ಕನಸು ಬಿತ್ತು.

ಮುಂದಿನ ವರ್ಷ ಸಿಸ್ಟರ್ ನಮ್ಮಿಬ್ಬರನ್ನೂ ಚಿಂತಾಮಣಿಯ ಒಂದು ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದಳು. ಅಂಗಳದಲ್ಲಿ ಶಾಮಿಯಾನ ಹಾಕಿ, ಒಳಗೆ ಕತ್ತಲು ಮಾಡಿ, ದೊಡ್ಡ ಪರದೆಯ ಮೇಲೆ ತೆಲುಗು ಸಿನಿಮಾ ಬಿಟ್ಟಿದ್ದರು. ತಾಯಿಯ ವಿಷಯ ಮರೆತೋ, ಇಲ್ಲ ಈ ಸಲವಾದರೂ ಸರಿಪಡಿಸಿರುತ್ತಾರೆ ಅಂತಲೋ, ಅತ್ತೆಯೂ ಬಂದರು. ಇದರಲ್ಲಿ ರಕ್ತ ಜಾಸ್ತಿ. ಸ್ವಾಮಿ ಎದ್ದು ಬರುವಾಗ ಎಷ್ಟು ಬೆಳಕು ಬಿಟ್ಟಿದ್ದರೆಂದರೆ ಮುಖವೇ ಕಾಣಲಿಲ್ಲ. ನಾನು ನೋಡಿದ ಈ ಸಿನಿಮಾಗಳಲ್ಲಿ ಸಮಾಧಿಯೊಳಗೆ ಅವನು ಕಣ್ಣು ಬಿಟ್ಟ ಗಳಿಗೆಯನ್ನು ಯಾರೂ ತೋರಿಸಿದ್ದಿಲ್ಲ. ಹೊರಗೆ ಕಲ್ಲು ಸರಿಯುತ್ತದೆ, ಬೆಳಕು ಬರುತ್ತದೆ, ಸಂಗೀತ ಏರುತ್ತದೆ, ಅಷ್ಟರಲ್ಲಿ ಎದ್ದಾಗಿರುತ್ತದೆ. ಮೊಳೆ ಹೊಡೆಯುವುದನ್ನು ಅಷ್ಟು ಹತ್ತಿರದಿಂದ ತೋರಿಸುವವರಿಗೆ ಎದ್ದದ್ದನ್ನು ತೋರಿಸಲು ಧೈರ್ಯ ಸಾಲದೇ, ನಂಬಿಕೆ ಸಾಲದೇ? ಸಾವನ್ನು ಎಲ್ಲರೂ ನೋಡಿರುತ್ತಾರೆ, ಅದನ್ನು ಸಿನಿಮಾದಲ್ಲಿ ತೋರಿಸುವುದು ಸುಲಭ.

ಆ ಸಿನಿಮಾದಲ್ಲಿ ಒಬ್ಬ ಶಿಷ್ಯ ಬಂದ. ಸ್ವಾಮಿ ಎಲ್ಲರಿಗೂ ಕಾಣಿಸಿಕೊಂಡಾಗ ಇವನು ಎಲ್ಲೋ ಹೊರಗೆ ಹೋಗಿದ್ದನಂತೆ. ತಿರುಗಿ ಬಂದರೆ ಎಲ್ಲರೂ "ನಾವು ನೋಡಿದೆವು, ನಾವು ನೋಡಿದೆವು" ಅಂತ ಕುಣಿಯುತ್ತಿದ್ದಾರೆ. ಆ ಮೊಳೆಯ ಗಾಯಕ್ಕೆ ನನ್ನ ಬೆರಳು ಇಟ್ಟು ನೋಡುವ ತನಕ ನಂಬುವುದಿಲ್ಲ ಅಂದ. ಅವನನ್ನು ಕಳ್ಳನ ಹಾಗೆ ತೋರಿಸಿದ್ದರು, ಗಂಟುಮುಖ, ಓರೆನೋಟ. ಪಕ್ಕದಲ್ಲಿದ್ದ ಹೆಂಗಸು "ಅನುಮಾನದ ಪಿಶಾಚಿ" ಅಂದಳು. ನನಗೆ ರೇಗಿಹೋಯಿತು. ಅವನದು ಎಲ್ಲಿಯ ಅನುಮಾನ? ಅದು ಹೊಟ್ಟೆಕಿಚ್ಚು. ಹತ್ತು ಜನಕ್ಕೆ ಕಾಣಿಸಿಕೊಂಡು ನನ್ನೊಬ್ಬನನ್ನು ಬಿಟ್ಟರೆ ಯಾರಿಗೆ ಉರಿಯುವುದಿಲ್ಲ? ನಂಬಿಕೆ ಇಲ್ಲದವನಾದರೆ ಸುಮ್ಮನೆ ಮನೆಗೆ ಹೋಗಿ ಮಲಗುತ್ತಿದ್ದ. ಇವನು ಅಲ್ಲೇ ನಿಂತು ಹಟ ಹಿಡಿದ. ವಾರ ಕಳೆಯುವಷ್ಟರಲ್ಲಿ ಸ್ವಾಮಿ ಅವನಿಗಾಗಿಯೇ ಮತ್ತೆ ಬಂದು, ತಗೋ, ಮುಟ್ಟು ಅಂದ. ಪುಣ್ಯವಂತ. ಒಂದು ಸಲ ಕೂಗಾಡಿದ್ದಕ್ಕೆ ಸ್ವಾಮಿ ಬಂದುಬಿಟ್ಟ. ನಾನು ಆ ಹೊತ್ತಿಗೆ ವರ್ಷದಿಂದ ಕೂಗಾಡುತ್ತಿದ್ದೆ.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತು ವಕೀಲರ ಹಾಗೆ ಹಿಡಿದುಕೊಂಡೆ.

"ಅತ್ತೆ, ಕನಸಲ್ಲಿ ಬಂದಾಗ ಯಾವ ಶರ್ಟು ಹಾಕಿರ್ತಾರೆ?"

"ಶರ್ಟು ಯಾರ್ ನೋಡ್ತಾರಮ್ಮ? ಮಗ ಬಂದ್ರೆ ಮುಖ ನೋಡ್ತಾರಾ, ಶರ್ಟು ನೋಡ್ತಾರಾ?"

"ಸರಿ, ಕೈ ನೋಡಿದ್ರಾ? ಕುಡುಗೋಲು ತಾಗಿದ ಗಾಯ ಯಾವ ಹೆಬ್ಬೆರಳಲ್ಲಿತ್ತು?"

ಅತ್ತೆ ತಮ್ಮ ಎಡಗೈ ಎತ್ತಿ ತೋರಿಸಿದರು. "ಎಡಗೈಲಿ. ನೀರ್ ಕುಡಿಯೋವಾಗ ಲೋಟ ಹಿಡ್ದಿದ್ನಲ್ಲ, ಕಾಣಿಸ್ತು."

ಎಡಗೈಯೇ. ಎಡಗೈಯಲ್ಲಿ ಲೋಟ ಹಿಡಿಯುತ್ತಿದ್ದದ್ದೂ ನಿಜ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು ನನ್ನ ಗತಿ. ಹೆತ್ತವಳಿಗೆ ಮಗನ ಕೈ ಗೊತ್ತಿರುವುದರಲ್ಲಿ ಏನು ದೊಡ್ಡದು ಅಂತ ಸಮಾಧಾನ ಹೇಳಿಕೊಂಡೆ. ಆದರೆ ಅವರು ನೀರು ಕುಡಿಯುವುದನ್ನು ಈ ಮುದುಕಿ ನೋಡುತ್ತಿದ್ದಾರೆ, ನಾನು ನೋಡುತ್ತಿಲ್ಲ. ಶಿಡ್ಲಘಟ್ಟ ಬರುವ ತನಕ ಕಿಟಕಿಯ ಆಚೆ ಮುಖ ಮಾಡಿ ಕೂತೆ.

ಈ ವರ್ಷದ ಈಸ್ಟರ್ ಭಾನುವಾರ ಸಿಸ್ಟರ್ ಪ್ರಾರ್ಥನೆ ಮುಗಿಸಿ ಬಂದು, ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕರೆದಳು. ಇದು ಹೊಸದು, ಕಂತುಗಳಲ್ಲಿ ಬರುವಂಥದ್ದು. ಸ್ವಾಮಿಗೆ ನೀಲಿ ಕಣ್ಣಿರಲಿಲ್ಲ, ನಮ್ಮ ಕಡೆಯವರ ಹಾಗೆ ಬಿಸಿಲು ತಿಂದ ಮುಖ. ಬೆಳಕಿಲ್ಲ, ಸಂಗೀತವಿಲ್ಲ. ತೋಟದಲ್ಲಿ ಅದೇ ಹೆಂಗಸು ಅಳುತ್ತಾ ನಿಂತಿದ್ದಳು, ಅವನು ಹಿಂದಿನಿಂದ ಬಂದ. ಎಷ್ಟು ಸಾಧಾರಣವಾಗಿ ಬಂದನೆಂದರೆ ನನಗೆ ಮೊದಲ ಸಲ ಇದು ನಡೆದೇ ಇರಬೇಕು ಅನ್ನಿಸಿತು, ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಅವಳು ಕಾಲು ಹಿಡಿಯಲು ಹೋದರೆ, ಹಿಡಿದುಕೊಳ್ಳಬೇಡ, ಹೋಗಿ ಅವರಿಗೆಲ್ಲ ಹೇಳು ಅಂದ. ಅವಳು ಓಡಿದಳು. ಎಡವಿ ಬಿದ್ದಳು, ಮೊಣಕಾಲು ತರಚಿತು, ಎದ್ದು ಮತ್ತೆ ಓಡಿದಳು. ಬಾಗಿಲು ಬಡಿದು ಹೇಳಿದರೆ ಒಳಗಿದ್ದ ಗಂಡಸರು ಇವಳಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದರು.

"ನಂಬದೇ ಇರೋರ ಹತ್ರ ಯಾಕ್ ಹೇಳ್ಬೇಕಿತ್ತು? ತಾನ್ ನೋಡಿದ್ಲಲ್ಲ, ಸಾಕಾಗಿತ್ತು" ಅಂದರು ಅತ್ತೆ.

"ಹಂಗಲ್ಲ ಅಜ್ಜಿ" ಅಂದಳು ಸಿಸ್ಟರ್. "ಮೊದಲು ನೋಡಿದೋರು ಹೋಗಿ ಹೇಳ್ಲೇಬೇಕು. ನೋಡಿದ್ದನ್ನ ತಾವೇ ಇಟ್ಕೊಳ್ಳೋ ಹಾಗಿಲ್ಲ. ಅವರಿಗೆ ಕಾಣಿಸ್ಕೊಂಡಿದ್ದೇ ಅದಕ್ಕೆ."

ಅತ್ತೆ, ಸಿನಿಮಾ ಇನ್ನೂ ನಡೆಯುತ್ತಿದ್ದಂತೆಯೇ ಎದ್ದು ಒಳಮನೆಗೆ ಬಂದುಬಿಟ್ಟರು. ತಲೆ ಸುತ್ತಿತೇನೋ ಅಂತ ನಾನೂ ಬಂದೆ. ಪಡಸಾಲೆಯಲ್ಲಿ ಹುಣಸೆಹಣ್ಣು ಹರಡಿತ್ತು, ವರ್ಷಕ್ಕೆ ಆಗುವಷ್ಟು. ಅತ್ತೆ ಅದರ ಮುಂದೆ ಕೂತು ಬೀಜ ಬಿಡಿಸತೊಡಗಿದರು. ನಾನೂ ಎದುರಿಗೆ ಕೂತೆ.

"ಅವನು ಬಂದಾಗೆಲ್ಲ ಒಂದ್ ಮಾತು ಕೇಳ್ತಾನೆ ಕಣಮ್ಮ" ಅಂದರು, ಹುಣಸೆಹಣ್ಣಿನಿಂದ ಕಣ್ಣು ತೆಗೆಯದೆ.

"ಏನು, ಬಸ್ಸಾರಾ?"

"ಅದು ಆಮೇಲೆ. ಬಾಗ್ಲಲ್ಲಿ ಕಾಲಿಟ್ ತಕ್ಷಣ, ‘ಅವಳೆಲ್ಲಮ್ಮ?’ ಅಂತಾನೆ. ಪ್ರತಿ ಸಲಾನೂ. ನನ್ನ ಹೆಂಗಿದ್ದೀಯ ಅಂತಾನೂ ಕೇಳಲ್ಲ, ನಿನ್ನೇ ಕೇಳ್ತಾನೆ."

ನನ್ನ ಕೈ ನಿಂತುಹೋಯಿತು. "ನೀವೇನಂತೀರ?"

"‘ಮಲಗವ್ಳೆ ಕಣಪ್ಪ, ಎಬ್ಬಿಸ್ಬೇಡ, ಬೆಳಿಗ್ಗೆ ಬಸ್ಸಿಗೆ ಹೋಗ್ಬೇಕು ಅವ್ಳು’ ಅಂತೀನಿ. ಸರಿ ಅಂದ್ಬಿಟ್ಟು ನನ್ನ ಹತ್ರ ಕೂರ್ತಾನೆ. ಒಂದ್ ಗಳಿಗೆ ಕೂತು ಹೊರಟೋಗ್ತಾನೆ."

ಕನಸು ಅಂದರೆ ಕನಸು, ಮುದುಕಿಯ ಮನಸ್ಸಿನ ಆಟ, ಬಿ.ಪಿ. ಮಾತ್ರೆಯ ಪ್ರಭಾವ, ಇದೆಲ್ಲ ನಾನೇ ನೆಂಟರ ಬೆನ್ನ ಹಿಂದೆ ಹೇಳಿಕೊಂಡು ತಿರುಗಿದ ಮಾತು. ಆದರೆ ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು, ನಿಜವಾಗಿ ಮನೆಗೆ ಬಂದ ಗಂಡನನ್ನು ಬಾಗಿಲಿಂದ ವಾಪಸ್ ಕಳಿಸಿದವರ ಮೇಲೆ ಬರುವ ಸಿಟ್ಟು.

"ಬಾಗಿಲ ತನಕ ಬಂದೋರನ್ನ ನನ್ನ ಹತ್ರ ಬಿಡದೆ ಕಳಿಸಿದೀರಲ್ಲ ಅತ್ತೆ. ನಾನು ದರ್ಗಾಕ್ಕೆ ಹೋಗಿ ಬೇಡ್ಕೊಂಡು ಬಂದೆ. ಒಂದ್ ಮಾತು ಹೇಳಕ್ಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನಿನ್ನ ಹತ್ರಾನೇ ಬರ್ತಾನೆ. ನನ್ನ ಹತ್ರ ಯಾಕ್ ಬರ್ತಾನೆ?" ಅತ್ತೆ ಈಗ ತಲೆಯೆತ್ತಿದರು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಜಗಳವೂ ಇತ್ತು. "ಮದ್ವೆ ಆದಾಗಿಂದ ನಿನ್ನವನೇ ಆಗಿದ್ದ. ಮಾರ್ಕೆಟ್ಟಿಂದ ಬಂದ್ರೆ ನಿನ್ನ ಕೂಗೋನು, ಊಟಕ್ಕೆ ಕೂತ್ರೆ ನಿನ್ನ ಕೂಗೋನು. ನಾನು ಇಲ್ಲೇ ಜಗಲಿ ಮೇಲೆ ಕೂತಿರ್ತಿದ್ದೆ, ದಾಟ್ಕೊಂಡು ಹೋಗೋನು. ಸತ್ ಮೇಲಾದ್ರೂ ನನ್ನ ಹತ್ರ ಒಂದ್ ಗಳಿಗೆ ಕೂರ್ಲಿ ಅಂತ ಮಾಡ್ದೆ."

ಅವರು ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರು. ನನಗಿಂತ ಎಷ್ಟೋ ಮೊದಲಿನಿಂದ. ಜಗಲಿ ದಾಟಿಕೊಂಡು ಒಳಗೆ ಬಂದು "ಏಯ್" ಅನ್ನುತ್ತಿದ್ದ ದನಿಯನ್ನು ಹೊರಗೆ ಕೂತು ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಆ ಇಡೀ ಕಾಲದಲ್ಲಿ ನಾನು ಒಂದು ದಿನವೂ ಯೋಚಿಸಿದ್ದಿಲ್ಲ. ಹಾಗಂತ ಸಿಟ್ಟು ಇಳಿಯಿತೇ? ಇಳಿಯಲಿಲ್ಲ. ಹುಣಸೆಬೀಜವನ್ನು ಮೊರಕ್ಕೆ ಎಸೆಯುತ್ತಾ ಕೂತೆ. ಮುಂದಿನ ಕೋಣೆಯಲ್ಲಿ ಸಿನಿಮಾ ಮುಗಿದು ಹಾಡು ಬರುತ್ತಿತ್ತು.

"ಇನ್ನೊಂದ್ ಸಲ ಬಂದ್ರೆ ಎಬ್ಬಿಸಿ" ಅಂದೆ.

"ನಿನ್ನ ಬಸ್ಸು?"

"ಬಸ್ಸು ಹಾಳಾಗಿ ಹೋಗ್ಲಿ. ಎಬ್ಬಿಸಿ."

ಅತ್ತೆ ಆಗಲಿ ಅನ್ನುವ ಹಾಗೆ ತಲೆಯಾಡಿಸಿ ಮೂಗು ಒರೆಸಿಕೊಂಡರು.

ಅವತ್ತಿನಿಂದ ಬೆಳಿಗ್ಗೆ ಕಾಫಿ ಕೊಡುವಾಗ ನಾನೇ ಕೇಳುತ್ತೇನೆ, "ಬಂದಿದ್ರಾ?" ಅಂತ. "ಇಲ್ಲಮ್ಮ, ಬರ್ಲಿಲ್ಲ" ಅನ್ನುತ್ತಾರೆ ಅತ್ತೆ, ಲೋಟದ ಕಡೆ ನೋಡಿಕೊಂಡು. ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನುಮಾನ.